ಕೃತಕ ದಂತಗಳ ಶುಚಿತ್ವ ಮತ್ತು ಶ್ವಾಸಕೋಶದ ವ್ಯಾಧಿ: ಒಂದು ವಿಚಾರದ ಇತಿಹಾಸ

ಬಾಯಿಯ ಮಾಲಿನ್ಯಕ್ಕೂ ದೇಹದ ಇತರ ಅಂಗಗಳ ವ್ಯಾಧಿಗಳಿಗೂ ಸಂಬಂಧವುಂಟೆಂಬ ವಿಚಾರವು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಒಮ್ಮೆ ಅತಿಯಾಗಿ ಪುರಸ್ಕೃತವಾಗಿ, ಅನಂತರ ಅತಿಯಾಗಿಯೇ ತಿರಸ್ಕೃತವಾಯಿತು. ಈ ಏರಿಳಿತದಲ್ಲಿ, ಹಲ್ಲು ಕಟ್ಟಿಸಿಕೊಂಡ ವೃದ್ಧ ರೋಗಿಗಳ ಹಿತವು ಬಹುಕಾಲ ಮರೆತುಹೋಯಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇವೆ.

ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಅವರು 1900ರಲ್ಲಿ, ಹಲ್ಲುಗಳ ಸುತ್ತ ನೆಲಸಿದ ಕೀವು ರಕ್ತಹೀನತೆ, ಜಠರದ ಉರಿಯೂತ ಮೊದಲಾದ ವ್ಯಾಧಿಗಳಿಗೆ ಕಾರಣವೆಂದು ವಾದಿಸಿದರು. 1910ರಲ್ಲಿ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಭಾಷಣದಲ್ಲಿ, ರೋಗಗ್ರಸ್ತ ಬೇರುಗಳ ಮೇಲೆ ಚಿನ್ನದ ಹಲ್ಲು ಕಟ್ಟುವ ಪದ್ಧತಿಯನ್ನು ಕಟುವಾಗಿ ಖಂಡಿಸಿದರು. ಅಮೆರಿಕದಲ್ಲಿ ಫ್ರಾಂಕ್ ಬಿಲಿಂಗ್ಸ್ ಅವರು ಇಂಥದೇ ವಾದವನ್ನು ಪ್ರಚುರಪಡಿಸಿದರು. ಫಲವಾಗಿ ಅಸಂಖ್ಯಾತ ರೋಗಿಗಳು ಹಲ್ಲು ಕೀಳಿಸಿಕೊಂಡರು. 1938ರಲ್ಲಿ ಸೆಸಿಲ್ ಮತ್ತು ಆಂಜವೈನ್ ಎಂಬ ವೈದ್ಯರು ಸಂಧಿವಾತದ 200 ರೋಗಿಗಳ ವಿವರಗಳನ್ನು ಪರಿಶೀಲಿಸಿ ಈ ಚಿಕಿತ್ಸೆಯ ನೆಲೆಯನ್ನು ಪ್ರಶ್ನಿಸಿದ ಮೇಲೆ ಅದರ ಪ್ರಭಾವವು ಕುಗ್ಗಿತು.

ಹಲ್ಲು ಹೋದರೆ ಸೋಂಕಿನ ಮೂಲವೂ ಹೋಯಿತೆಂಬ ಭಾವನೆಯಲ್ಲಿ ಒಂದು ದೋಷವಿದ್ದಿತು. 1930ರ ದಶಕದ ಕೊನೆಯಿಂದ ರಬ್ಬರಿನ ಸ್ಥಾನವನ್ನು ಆಕ್ರಮಿಸಿದ ಅಕ್ರಿಲಿಕ್ ದಂತಪಂಕ್ತಿಯ ಸೂಕ್ಷ್ಮರಂಧ್ರಗಳಲ್ಲಿಯೂ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ನೆಲಸುತ್ತವೆ. ಇವು ಶ್ವಾಸಕೋಶವನ್ನು ಸೇರುವುದು ಮುಖ್ಯವಾಗಿ ಜೊಲ್ಲಿನೊಡನೆ. ಗಾಢನಿದ್ರೆಯಲ್ಲಿ ಆರೋಗ್ಯವಂತರಲ್ಲಿಯೂ ಅರ್ಧದಷ್ಟು ಜನರ ಗಂಟಲಿನ ದ್ರವವು ಶ್ವಾಸನಾಳಕ್ಕೆ ಜಾರುವುದೆಂದು 1978ರ ಒಂದು ಪ್ರಯೋಗವು ತೋರಿಸಿತು. ಕೆಮ್ಮುವ ಶಕ್ತಿ ಕುಂದಿದ ವೃದ್ಧರಿಗೆ ಇದೇ ಅಪಾಯಕರ.

ಮರೆತ ಪ್ರಶ್ನೆಯನ್ನು ಮತ್ತೆ ಎತ್ತಿದವರು ಜಪಾನಿನ ವಿದ್ವಾಂಸರು. ಯೊನೆಯಾಮಾ ಮತ್ತು ಸಹಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 11 ಶುಶ್ರೂಷಾಲಯಗಳ 366 ವೃದ್ಧರನ್ನು ಎರಡು ವರ್ಷಗಳ ಕಾಲ ಗಮನಿಸಲಾಗಿತ್ತು. ಪ್ರತಿ ಊಟದ ನಂತರ ಬಾಯಿ ಶುಚಿಗೊಳಿಸಿದ 184 ಮಂದಿಯಲ್ಲಿ 21 ಮಂದಿಗೆ, ಹಾಗೆ ಮಾಡದ 182 ಮಂದಿಯಲ್ಲಿ 34 ಮಂದಿಗೆ ನ್ಯುಮೋನಿಯಾ ತಗುಲಿತು. ಹಲ್ಲಿಲ್ಲದವರಿಗೂ ಪ್ರಯೋಜನವಾದುದು ಗಮನಾರ್ಹ. 2015ರಲ್ಲಿ ಪ್ರಕಟವಾದ, ಟೋಕಿಯೋದ 524 ಅತಿವೃದ್ಧರ ಅಧ್ಯಯನವು, ದಂತಪಂಕ್ತಿಯನ್ನು ಧರಿಸಿಯೇ ಮಲಗುವವರಲ್ಲಿ ನ್ಯುಮೋನಿಯಾದ ಅಪಾಯವು ಎರಡು ಪಟ್ಟಿಗಿಂತ ಹೆಚ್ಚೆಂದು ಕಂಡಿತು.

ಆದರೂ ಇಲ್ಲಿ ಎಚ್ಚರ ಅಗತ್ಯ. ಎರಡು ಸಂಗತಿಗಳು ಜೊತೆಗೂಡಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಅದೇ 2015ರಲ್ಲಿ ವರದಿಯಾದ ಅಮೆರಿಕದ ಪ್ರಯೋಗವೊಂದರಲ್ಲಿ, ಬಾಯಿ ಉಜ್ಜುವಿಕೆ, ಕ್ಲೋರ್‌ಹೆಕ್ಸಿಡಿನ್ ದ್ರಾವಣ ಮತ್ತು ಕುಳ್ಳಿರಿಸಿ ಉಣಿಸುವ ಕ್ರಮಗಳಿಂದ ನ್ಯುಮೋನಿಯಾ ಗಣನೀಯವಾಗಿ ಇಳಿಯಲಿಲ್ಲ.

ಹಂಟರ್ ಅವರ ಕಾಲದ ಚಿಕಿತ್ಸೆಯು ರೋಗಿಯಿಂದ ಹಲ್ಲುಗಳನ್ನೇ ಕಸಿದುಕೊಂಡಿತು. ಇಂದು ಸೂಚಿತವಾಗಿರುವುದಾದರೋ, ರಾತ್ರಿ ದಂತಪಂಕ್ತಿಯನ್ನು ತೆಗೆದು, ಉಜ್ಜಿ, ತಣ್ಣೀರಿನಲ್ಲಿಡುವುದಷ್ಟೆ. ಹಿಂದಿನ ಅತಿರೇಕಕ್ಕೆ ಹೆದರಿ ಈ ಅಲ್ಪಶ್ರಮದ ಉಪಚಾರವನ್ನೂ ಕೈಬಿಡುವುದು ಉಚಿತವಲ್ಲವೆಂದು ನಾವು ಭಾವಿಸುತ್ತೇವೆ.