ಕೆರೆಯ ಗಂಗಮ್ಮ, ಗಣಿಯ ಚಿನ್ನ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಸೀಮೆಯ ಚರಿತ್ರೆಯ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಚರಿತ್ರೆ ನನ್ನ ಓದಿನ ವಿಷಯವಲ್ಲ. ಆದರೂ ಒಪ್ಪಿಕೊಳ್ಳಲು ಒಂದು ಕಾರಣವಿದೆ. ಬೆಂಗಳೂರಿನಲ್ಲಿ ಯಾರಾದರೂ ಊರು ಕೇಳಿದಾಗ ಬಂಗಾರಪೇಟೆ ಎಂದರೆ ಸಾಕು, 'ಓ, ಕೆ.ಜಿ.ಎಫ್ ಪಕ್ಕಾನಾ? ಅಲ್ಲಿ ಇನ್ನೂ ಚಿನ್ನ ಸಿಗುತ್ತಾ?' ಎನ್ನುತ್ತಾರೆ. 2018ರಲ್ಲಿ ಸಿನಿಮಾ ಬಂದ ಮೇಲಂತೂ ಈ ಪ್ರಶ್ನೆ ತಪ್ಪುವುದೇ ಇಲ್ಲ. ನಮ್ಮ ಸೀಮೆಯ ಚರಿತ್ರೆ ಎಂದರೆ ಚಿನ್ನ, ಚಿನ್ನ ಎಂದರೆ ಬ್ರಿಟಿಷರು ಎಂದು ಹೊರಗಿನವರು ತಿಳಿದಿದ್ದರೆ ಬೇಸರವಿಲ್ಲ. ನಾವೂ ಹಾಗೇ ತಿಳಿದಿದ್ದೇವೆ ಎನ್ನುವುದೇ ಬೇಸರ.

ಚಿನ್ನಕ್ಕಿಂತ ಮೊದಲು ಈ ನೆಲದ ಸಂಪತ್ತು ನೀರು. ನೀರು ಇದ್ದದ್ದರಿಂದಲ್ಲ, ಇಲ್ಲದ್ದರಿಂದ ಅದು ಸಂಪತ್ತಾಯಿತು. ಪಾಲಾರ್ ಇದೆ, ಪಿನಾಕಿನಿಗಳಿವೆ, ಆದರೆ ವರ್ಷವಿಡೀ ಹರಿಯುವ ಒಂದು ಹೊಳೆಯೂ ಕೋಲಾರ ಜಿಲ್ಲೆಯಲ್ಲಿಲ್ಲ. ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡವನೇ ಇಲ್ಲಿ ಬೆಳೆ ತೆಗೆಯಬಲ್ಲ. ಆದ್ದರಿಂದಲೇ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಾದವು. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದು ಇನ್ನೊಂದಕ್ಕೆ ಹೋಗುವಂತೆ ಸಾಲಾಗಿ ಕಟ್ಟಿದ್ದಾರೆ.

ಕೆರೆ ಕಟ್ಟುವುದು ಒಂದು ಸಲದ ಕೆಲಸ. ಅದನ್ನು ಉಳಿಸಿಕೊಳ್ಳುವುದು ನೂರಾರು ವರ್ಷದ ಕೆಲಸ. ಹೂಳು ತೆಗೆಯಬೇಕು, ಏರಿ ಬಿರಿದರೆ ಮುಚ್ಚಬೇಕು, ತೂಬು ನೋಡಿಕೊಳ್ಳಬೇಕು. ರಾಜ ಬದಲಾಗುತ್ತಾನೆ, ವಂಶವೇ ಬದಲಾಗುತ್ತದೆ. ನಮ್ಮ ಭಾಗವನ್ನೇ ನೋಡಿ: ಗಂಗರು, ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ಹಿಂದೊಬ್ಬರು ಬಂದುಹೋದರು. ಇಷ್ಟು ಕೈ ಬದಲಾದರೂ ಕೆರೆ ಉಳಿಯಬೇಕಾದರೆ ಅದಕ್ಕೆ ರಾಜನಿಗಿಂತ ಗಟ್ಟಿಯಾದ ಕಾವಲು ಬೇಕು. ಆ ಕಾವಲನ್ನು ಕೊಟ್ಟದ್ದು ಧರ್ಮ. ಕೆರೆಯ ಪೋಷಣೆಗೆಂದು ಬಿಟ್ಟ ಗದ್ದೆಗೆ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಹೆಸರಿದೆ. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಕೊಟ್ಟ ಭೂಮಿಗೆ ಕಟ್ಟುಕೊಡಗಿ, ದಶವಂದ ಎಂಬ ಹೆಸರುಗಳಿವೆ. ದಾನದ ವಿವರವೆಲ್ಲ ಮುಗಿದ ಮೇಲೆ ಕೊನೆಯ ಸಾಲುಗಳಲ್ಲಿ ಶಾಪ ಬರುತ್ತದೆ: ಇದನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟಲಿ ಎಂಬ ಅರ್ಥದ ಮಾತು. ಹೈಸ್ಕೂಲಿನಲ್ಲಿ ಇದನ್ನು ಓದಿದಾಗ ನಾವು ನಕ್ಕಿದ್ದೆವು. ಈಗ ಯೋಚಿಸಿದರೆ, ಪೊಲೀಸು ಕೋರ್ಟು ಇಲ್ಲದ ಕಾಲದಲ್ಲಿ ಮುಂದಿನ ಇಪ್ಪತ್ತು ತಲೆಮಾರನ್ನು ಕಟ್ಟಿಹಾಕಲು ಅದಕ್ಕಿಂತ ಒಳ್ಳೆಯ ಉಪಾಯ ಇದ್ದಿರಲಾರದು ಅನ್ನಿಸುತ್ತದೆ.

ನಮ್ಮ ಪಕ್ಕದ ಆವಣಿಯ ಉದಾಹರಣೆ ಇದಕ್ಕೆ ಸಾಕು. ರಾಮಲಿಂಗೇಶ್ವರ ಗುಡಿಗಳಿರುವ ಆ ಊರಿಗೆ ನಾವೆಲ್ಲ ಜಾತ್ರೆಗೋ ಶಾಲೆಯ ಪ್ರವಾಸಕ್ಕೋ ಹೋದವರೇ. ಹತ್ತನೆಯ ಶತಮಾನದಲ್ಲಿ, ನೊಳಂಬರ ಕಾಲದಲ್ಲಿ, ತ್ರಿಭುವನಕರ್ತಾರ ಎಂಬ ಯತಿ ಆ ಸ್ಥಾನವನ್ನು ನಲವತ್ತು ವರ್ಷ ಆಳಿದರು. ಅವರು ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದರೆಂದು ಶಾಸನ ಹೇಳುತ್ತದೆ. ಗುಡಿ ಮತ್ತು ಕೆರೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದನ್ನು ಗಮನಿಸಬೇಕು. ಆ ಯತಿಗೆ ಅವು ಎರಡು ಬೇರೆ ಕೆಲಸಗಳಾಗಿರಲಿಲ್ಲ.

ಬೇತಮಂಗಲದ ಹಳೆಯ ಹೆಸರು ವಿಜಯಾದಿತ್ಯಮಂಗಲ. ಬ್ರಾಹ್ಮಣರಿಗೆ ಬಿಟ್ಟ ಊರುಗಳಿಗೆ ಮಂಗಲ ಎಂಬ ಹೆಸರು ಸೇರಿಸುವ ವಾಡಿಕೆಯಿತ್ತು. ಪಾಲಾರಿಗೆ ಅಡ್ಡಲಾಗಿರುವ ಅಲ್ಲಿನ ದೊಡ್ಡ ಕೆರೆಯೂ ಊರಿನಷ್ಟೇ ಹಳೆಯದು. ಆ ಕೆರೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಶಾಸನದಲ್ಲಿ ದಾನ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ, ಕೆಲವೊಮ್ಮೆ ಬರೆದವನ ಹೆಸರೂ ಇದೆ. ರಾತ್ರಿ ಲಾಟೀನು ಹಿಡಿದು ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಂಡ ನೀರುಗಂಟಿಯ ಹೆಸರು ಇಲ್ಲ. ನಮ್ಮ ಭಾಗದಲ್ಲಿ ಈ ಕೆಲಸ ಹೆಚ್ಚಾಗಿ ಪರಿಶಿಷ್ಟ ಜಾತಿಯ ಮನೆತನಗಳದ್ದು. ಇಡೀ ಊರಿನ ಅನ್ನ ಅವರ ಕೈಯಲ್ಲಿತ್ತು. ಆದರೆ ಆ ಅನ್ನದಿಂದ ನಡೆಯುವ ಗುಡಿಯ ಒಳಗೆ ಅವರಿಗೆ ಜಾಗವಿರಲಿಲ್ಲ. ಧರ್ಮ ಕೆರೆಯನ್ನು ಕಾಪಾಡಿತು ಎಂದು ಹೊಗಳುವಾಗ ಇದನ್ನೂ ಅದರ ಲೆಕ್ಕಕ್ಕೇ ಬರೆಯಬೇಕು.

ಇನ್ನು ಚಿನ್ನ. ಇದು ಬ್ರಿಟಿಷರು ಕಂಡುಹಿಡಿದದ್ದಲ್ಲ. ಕೆ.ಜಿ.ಎಫ್‌ನ ಹಳೆಯ ಗುಂಡಿಗಳಲ್ಲಿ ಸಿಕ್ಕ ಮರದ ತುಂಡುಗಳು ಸಾವಿರ ವರ್ಷಕ್ಕೂ ಹಿಂದಿನವು. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಊರಿಗಾಂ, ಮಾರಿಕುಪ್ಪದ ಕಡೆ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ವರದಿ ಬರೆದ. ಗುಂಡಿಗೆ ಇಳಿದು ಕಲ್ಲು ತರುತ್ತಿದ್ದವರು ಅಸ್ಪೃಶ್ಯರೆಂದು ಹೊರಗಿಟ್ಟ ಜನ. ಆ ವರದಿಯನ್ನು ಎಷ್ಟೋ ವರ್ಷದ ಮೇಲೆ ಓದಿದ ಮೈಕೇಲ್ ಲವೆಲ್ಲಿ ಎಂಬ ನಿವೃತ್ತ ಐರಿಷ್ ಸೈನಿಕ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಮುಂದಿನದನ್ನು ಎಲ್ಲರೂ ಬಲ್ಲರು: 1894ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಕ್ಕೆ ರೈಲು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ.

ಗಣಿಗೆ ಅಷ್ಟೊಂದು ಜನ ಎಲ್ಲಿಂದ ಸಿಕ್ಕರು? ಉತ್ತರಕ್ಕೆ ಮತ್ತೆ ನೀರಿಗೇ ಬರಬೇಕು. 1876ರಿಂದ 78ರವರೆಗಿನ ಧಾತು ವರ್ಷದ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರೆಂದು ಅಂದಾಜಿದೆ. ಮದರಾಸು ಪ್ರಾಂತ್ಯದ ಒಣ ಜಿಲ್ಲೆಗಳ ಪಾಡೂ ಅದೇ. ಆ ನೆನಪು ಹಸಿಯಾಗಿದ್ದಾಗಲೇ ಗಣಿ ತೆರೆಯಿತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಕಡೆಯಿಂದ ಭೂಮಿಯಿಲ್ಲದ ಜನ, ಅದರಲ್ಲೂ ಆದಿದ್ರಾವಿಡರು, ಬಂದು ತಟ್ಟಿ ಗೋಡೆಯ ಲೈನ್ ಮನೆಗಳಲ್ಲಿ ಸೇರಿದರು. ಕೆ.ಜಿ.ಎಫ್ ಅನ್ನು ಪುಟ್ಟ ಇಂಗ್ಲೆಂಡ್ ಎಂದು ಹೊಗಳಿ ಬರೆಯುವವರು ಬಹಳ. ಆ ಮಾತು ಬಂಗಲೆಗಳಿಗೆ ಸರಿ, ಲೈನ್ ಮನೆಗಳಿಗೆ ಒಪ್ಪುವುದಿಲ್ಲ.

ಭೂಮಿಯ ಒಡೆಯನಿಂದ ಬಿಡಿಸಿಕೊಂಡು ಬಂದವರ ಕೈಗೆ ಮೊದಲ ಸಲ ನಗದು ಕೂಲಿ ಬಂತು. ಕೆಳಗೆ ಸಾವು ಬಾಯಿ ತೆರೆದಿತ್ತು. ಚಾಂಪಿಯನ್ ರೀಫ್ ಗಣಿ ಕೊನೆಗೆ 3,200 ಮೀಟರಿನಷ್ಟು ಆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಶಾಖವೇ 60 ಡಿಗ್ರಿಗೂ ಹೆಚ್ಚು. ಒತ್ತಡಕ್ಕೆ ಬಂಡೆ ಸಿಡಿಯುತ್ತಿತ್ತು, ಕಲ್ಲಿನ ದೂಳು ಶ್ವಾಸಕೋಶ ಸೇರುತ್ತಿತ್ತು. ಇಂಥಲ್ಲಿ ಕೆಲಸ ಮಾಡುವವರು ದೇವರನ್ನು ನೆನೆಯದೆ ಇರುತ್ತಾರೆಯೇ? ಲೈನಿಗೊಂದು ಮಾರಿಯಮ್ಮ, ಮುರುಗನ ಗುಡಿ, ಚಾಂಪಿಯನ್ ರೀಫ್‌ನ ವಿಜಯಮಾತೆಯ ಚರ್ಚು, ರಾಬರ್ಟ್‌ಸನ್‌ಪೇಟೆಯ ಮಸೀದಿ, ಇವೆಲ್ಲ ಹುಟ್ಟಿದವು. ಮನೆ ಕಂಪನಿಯದು, ನೆಲ ಕಂಪನಿಯದು. ಗುಡಿಯೊಂದನ್ನು ಮಾತ್ರ ಅವರು ನಮ್ಮದು ಎನ್ನಬಹುದಿತ್ತು.

ಇದಕ್ಕಿಂತ ಮುಖ್ಯವಾದದ್ದು ಒಂದು ನಡೆಯಿತು. ನಮ್ಮ ಪಠ್ಯಪುಸ್ತಕದಲ್ಲಿ ಅದು ಇರಲಿಲ್ಲ. ನಾನು ತಿಳಿದದ್ದು ಬಿ.ಇ. ಮುಗಿದ ಮೇಲೆ. 1898ರಲ್ಲಿ ಸಿಲೋನಿಗೆ ಹೋಗಿ ಬೌದ್ಧ ದೀಕ್ಷೆ ಪಡೆದ ಪಂಡಿತ ಅಯೋತಿದಾಸರು ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಿಂದ ಒಂದು ವಾರಪತ್ರಿಕೆ ನಡೆಸಿದರು. ನಾವು ಹುಟ್ಟಿನಿಂದ ಕೀಳಾದವರಲ್ಲ, ಮೂಲತಃ ಬೌದ್ಧರು, ನಮ್ಮನ್ನು ಕೀಳು ಮಾಡಲಾಯಿತು ಎನ್ನುವುದು ಅವರ ವಾದ. ಆ ಸಂಘದ ಗಟ್ಟಿ ನೆಲೆ ಎಲ್ಲಿತ್ತು ಗೊತ್ತೇ? ನಮ್ಮ ಮಾರಿಕುಪ್ಪದಲ್ಲಿ, ಚಾಂಪಿಯನ್ ರೀಫ್‌ನಲ್ಲಿ. 1914ರಲ್ಲಿ ಪಂಡಿತರು ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನು ಮತ್ತೆ ಅಚ್ಚುಹಾಕಿ ಉಳಿಸಿದವರು ಕೆ.ಜಿ.ಎಫ್‌ನ ಬೌದ್ಧರು. ನಿಂತುಹೋಗಿದ್ದ 'ತಮಿಳನ್' ಪತ್ರಿಕೆ 1926ರಲ್ಲಿ ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಇಲ್ಲಿಂದಲೇ ಮತ್ತೆ ಹೊರಟಿತು. ಬಾಬಾಸಾಹೇಬ್ ಅಂಬೇಡ್ಕರರು ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡದ್ದು 1956ರಲ್ಲಿ. ಅದಕ್ಕೆ ಎಷ್ಟೋ ದಶಕ ಮೊದಲೇ ಗಣಿ ಕಾರ್ಮಿಕರು ತಮ್ಮ ಕೂಲಿಯ ಕಾಸಿನಲ್ಲಿ ಬುದ್ಧನ ಪೂಜೆ ನಡೆಸಿ, ಪುಸ್ತಕ ಅಚ್ಚು ಹಾಕಿಸುತ್ತಿದ್ದರು.

ಚಿನ್ನವಿಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಹಳ್ಳಿಯಲ್ಲಿ ಗುಡಿಯ ಹೊರಗೆ ನಿಂತವನು, ಗಣಿಯಲ್ಲಿ ತಿಂಗಳ ಸಂಬಳ ಎಣಿಸಿಕೊಂಡವನಾದ ಮೇಲೆ, ತನಗೆ ಯಾವ ಧರ್ಮ ಬೇಕು ಎಂದು ತಾನೇ ಕೇಳಿಕೊಂಡ. 1930ರಲ್ಲಿ ಕಂಪನಿಗಳು ಬೆರಳಚ್ಚು ತೆಗೆದುಕೊಂಡು ಹೆಸರು ನೋಂದಾಯಿಸಲು ಹೊರಟಾಗ ಸಾವಿರಾರು ಕಾರ್ಮಿಕರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ಬೆರಳಚ್ಚು ಕಳ್ಳರಿಂದ ತೆಗೆದುಕೊಳ್ಳುವುದು, ನಮ್ಮಿಂದಲ್ಲ ಎಂಬ ಸ್ವಾಭಿಮಾನ ಅದರ ಹಿಂದೆ ಇತ್ತು. ಆ ಸ್ವಾಭಿಮಾನ ಬಂದ ದಾರಿಗಳಲ್ಲಿ ಬುದ್ಧನ ದಾರಿಯೂ ಒಂದು ಎಂದು ನನ್ನ ಎಣಿಕೆ.

ಈಗ ಬೇತಮಂಗಲದ ಕೆರೆಗೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಣಿ ಪಟ್ಟಣಕ್ಕೆ ಕುಡಿಯುವ ನೀರು ಬೇಕಾಯಿತು. ಎಲ್ಲಿಂದ ತಂದರು? ವಿಜಯಾದಿತ್ಯಮಂಗಲದ ಆ ಹಳೆಯ ಕೆರೆಯಿಂದ. ಅಲ್ಲಿ ನೀರು ಶುದ್ಧ ಮಾಡಿ ಕೊಳವೆಯಲ್ಲಿ ಕೆ.ಜಿ.ಎಫ್‌ಗೆ ಹಾಯಿಸಿದರು. ಯಾರೋ ಪುಣ್ಯಕ್ಕೆಂದು ಕಟ್ಟಿ, ಪಾಪಕ್ಕೆ ಹೆದರಿ ಕಾಪಾಡಿದ ಕೆರೆ ಸಾವಿರ ವರ್ಷದ ಮೇಲೆ ಚಿನ್ನದ ಗಣಿಯ ಬಾಯಾರಿಕೆ ತೀರಿಸಿತು. ಹಳ್ಳಿಯ ಚರಿತ್ರೆ ಬೇರೆ, ಗಣಿಯ ಚರಿತ್ರೆ ಬೇರೆ ಎಂದು ನಾವು ಮಾಡಿಕೊಂಡಿರುವ ಭಾಗ ಈ ಕೊಳವೆಯ ಮುಂದೆ ನಿಲ್ಲುವುದಿಲ್ಲ.

ಭಾಗ ಮಾಡಿಕೊಂಡಿರುವುದಂತೂ ನಿಜ. ಅವರು ಗಣಿಯವರು, ತಮಿಳರು, ಎಲ್ಲಿಂದಲೋ ಬಂದವರು ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಹಾಗೆ ಹೇಳುವ ನಾವು ಕೋಲಾರಮ್ಮನ ಗುಡಿಗೆ ಹೋಗಿ ಕೈಮುಗಿಯುತ್ತೇವೆ. ಆ ಗುಡಿಯ ಗೋಡೆಯ ಮೇಲೆ ಹನ್ನೊಂದನೆಯ ಶತಮಾನದ ಚೋಳರ ತಮಿಳು ಶಾಸನಗಳಿವೆ. ಅದಕ್ಕೂ ಮೊದಲು ಇದೇ ಕೋಲಾರ, ಕುವಲಾಲ ಎಂಬ ಹೆಸರಿನಲ್ಲಿ, ಕನ್ನಡದ ಗಂಗರ ರಾಜಧಾನಿ. ನಮ್ಮ ತಾಲ್ಲೂಕಿನ ಬೂದಿಕೋಟೆಯಲ್ಲಿ ಹೈದರಾಲಿ ಹುಟ್ಟಿದ. ಸಂತೆಯಲ್ಲಿ ಇವತ್ತಿಗೂ ತೆಲುಗು ಇಲ್ಲದೆ ವ್ಯಾಪಾರ ಸಾಗುವುದಿಲ್ಲ. ಬಂದವರು ಯಾರು, ಇದ್ದವರು ಯಾರು ಎಂದು ಗೆರೆ ಎಳೆಯಲು ಇಲ್ಲಿ ಯಾವ ಇಸವಿಯನ್ನು ಹಿಡಿಯುತ್ತೀರಿ?

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ವರ್ಷ ನಾನು ನಮ್ಮ ಶಾಲೆಗೆ ಎಂಟನೇ ತರಗತಿಗೆ ಸೇರಿದೆ. ಸುಮಾರು 120 ವರ್ಷದಲ್ಲಿ 800 ಟನ್ನಿನಷ್ಟು ಚಿನ್ನ ಹೋಗಿ, ಮೂರು ಕೋಟಿ ಟನ್ನಿಗೂ ಹೆಚ್ಚು ಸಯನೈಡ್ ಮಣ್ಣಿನ ದಿಬ್ಬಗಳು ಉಳಿದವು. ಬೇಸಿಗೆಯ ಗಾಳಿಗೆ ಆ ದೂಳು ಹಾರುತ್ತದೆ. ಗಣಿಯವರ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೊರಟರು. ಕಾಲೇಜಿನ ನಾಲ್ಕು ವರ್ಷ ನಾನೂ ಬಂಗಾರಪೇಟೆಯಲ್ಲಿ ಅದೇ ರೈಲು ಹತ್ತಿದವನು. ಮಾರಿಕುಪ್ಪದಿಂದ ತುಂಬಿ ಬರುತ್ತಿದ್ದ ಬೋಗಿಯಲ್ಲಿ ನಿಲ್ಲಲು ಜಾಗ ಮಾಡಿಕೊಟ್ಟವರೂ ಅವರೇ.

ಚಿನ್ನ ಮುಗಿದ ಮೇಲೆ ಈ ಕಡೆಗೆ ಹೊರಗಿನ ಜನ ಬರುವುದು ಹೆಚ್ಚಾಗಿ ದೇವರಿಗಾಗಿ. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗ ನೋಡಲು, ಗುಟ್ಟಹಳ್ಳಿಯ ಬಂಗಾರು ತಿರುಪತಿಗೆ ಹರಕೆ ತೀರಿಸಲು ಬಸ್ಸುಗಳು ಬರುತ್ತವೆ. ಹೂವು, ಕಾಯಿ, ಹೋಟೆಲು, ಆಟೋ ಎಂದು ಎಷ್ಟೋ ಮನೆಗಳ ಒಲೆ ಇದರಿಂದ ಉರಿಯುತ್ತಿದೆ. ಇದನ್ನು ಹಗುರವಾಗಿ ನೋಡುವವರಿದ್ದಾರೆ. ನಾನು ನೋಡುವುದಿಲ್ಲ.

ನೀರಿನ ಕಥೆ ಮಾತ್ರ ಕೆಟ್ಟಿದೆ. ಬೋರ್‌ವೆಲ್ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ನೀರುಗಂಟಿಯ ಕೆಲಸ ಹೋಯಿತು, ಏರಿಯ ಮೇಲೆ ಜಾಲಿ ಬೆಳೆಯಿತು. ಈಗ ಸಾವಿರ ಅಡಿ ದಾಟಿ ಕೊರೆದರೂ ದೂಳೇ ಬರುತ್ತದೆ. ಅತ್ತ ಮುಚ್ಚಿದ ಗಣಿಯ ಸುರಂಗಗಳಲ್ಲಿ ನೀರು ತುಂಬಿ ನಿಂತಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಅಂತರ್ಜಲ ಏರಿದೆ ಎನ್ನುವವರಿದ್ದಾರೆ, ಇನ್ನೊಂದು ಸಲ ಶುದ್ಧ ಮಾಡದೆ ಬಿಡಬಾರದು ಎಂದು ಹೋರಾಡುವವರೂ ಇದ್ದಾರೆ. ನನ್ನ ಮತ ಎರಡನೆಯವರ ಕಡೆ. 2021ರ ನವೆಂಬರಿನಲ್ಲಿ ಭಾರಿ ಮಳೆಯಾಗಿ ಕೆರೆಗಳು ಕೋಡಿ ಬಿದ್ದಾಗ ಊರೂರಿನವರು ಏರಿಯ ಮೇಲೆ ಗಂಗಮ್ಮನಿಗೆ ಪೂಜೆ ಮಾಡಿದರು. ಮರುವರ್ಷ ಹೂಳು ತೆಗೆಯಲು ಅಷ್ಟು ಜನ ಸೇರಲಿಲ್ಲ. ಮೊದಲು ಈ ಎರಡು ಕೆಲಸಕ್ಕೂ ಒಂದೇ ಜನ ಸೇರುತ್ತಿದ್ದರು.

ಕೊನೆಗೆ ನಮ್ಮ ಶಾಲೆಗೆ ಒಂದು ಕೋರಿಕೆ. ಬಿ.ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ಒಟ್ಟುಮಾಡಿ 1905ರಲ್ಲಿ ಪ್ರಕಟಿಸಿದರು. ಎಪಿಗ್ರಾಫಿಯಾ ಕರ್ನಾಟಿಕಾದ ಆ ಹತ್ತನೆಯ ಸಂಪುಟದಲ್ಲಿ ಬೌರಿಂಗ್‌ಪೇಟೆ ತಾಲ್ಲೂಕಿನ ಭಾಗವೇ ಬೇರೆ ಇದೆ. ಅದರ ಪುಟಗಳನ್ನು ಅಚ್ಚುಹಾಕಿಸಿ ಗ್ರಂಥಾಲಯಕ್ಕೆ ಕೊಡುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳು ತಮ್ಮ ಊರಿನ ಕಲ್ಲು ಇನ್ನೂ ಇದೆಯೇ, ಇದ್ದರೆ ಬಟ್ಟೆ ಒಗೆಯುವ ಕಲ್ಲಾಗಿದೆಯೇ ಎಂದು ನೋಡಿ ಬರಲಿ. ಲೈನ್ ಮನೆಗಳಿಗೆ ಇಂಥ ಸಂಪುಟ ಇಲ್ಲ. ಗಣಿ ಕಡೆಯಿಂದ ಬರುವ ಮಕ್ಕಳು ತಮ್ಮ ತಾತ ಯಾವ ಊರಿನಿಂದ ಬಂದರು, ಯಾವ ಗಣಿಗೆ ಇಳಿದರು, ಲೈನಿನ ಗುಡಿಯನ್ನೋ ವಿಹಾರವನ್ನೋ ಯಾರು ಕಟ್ಟಿದರು ಎಂದು ಮನೆಯಲ್ಲಿ ಕೇಳಿ ಬರೆದುಕೊಂಡು ಬರಲಿ. ಊರಿನ ಮಕ್ಕಳು ನೀರುಗಂಟಿಗಳ ಹೆಸರನ್ನೂ ಬರೆಯಲಿ. ಆ ಕೆಲಸ ಮಾಡಿದ ಹಿರಿಯರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರಿಗೆ ವಯಸ್ಸಾಗಿದೆ. ಈ ದಸರಾ ರಜೆಯಲ್ಲೇ ಶುರು ಮಾಡಿದರೆ ಒಳ್ಳೆಯದು.