ದಾಳ ತಿದ್ದಿದ್ದಕ್ಕೇ ಜಪಾನ್ ಸೋತಿತೇ?

ಪೆಸಿಫಿಕ್ ಯುದ್ಧದ ಕಂಪ್ಯೂಟರ್ ಆಟಗಳನ್ನು ಆಡುವವರ ನಡುವೆ ಒಂದು ಕಥೆ ಬಹಳ ಓಡಾಡುತ್ತದೆ. 1942ರ ಮೇ ತಿಂಗಳಲ್ಲಿ, ಮಿಡ್ವೇ ದ್ವೀಪದ ಮೇಲಿನ ದಾಳಿಗೆ ಮೊದಲು, ಜಪಾನಿನ ನೌಕಾಧಿಕಾರಿಗಳು 'ಯಮಾಟೊ' ಯುದ್ಧನೌಕೆಯಲ್ಲಿ ಕೂತು ಇಡೀ ಕದನವನ್ನು ಮೇಜಿನ ಮೇಲೆ ಆಡಿ ನೋಡಿದರು. ಶತ್ರುವಿನ ಬಾಂಬುಗಳೆಷ್ಟು ತಾಗಿದವು? ತೀರ್ಪುಗಾರ ದಾಳ ಉರುಳಿಸಿ ಒಂಬತ್ತು ಎಂದ. 'ಅಕಾಗಿ' ಮತ್ತು 'ಕಾಗಾ' ಎಂಬ ವಿಮಾನವಾಹಕ ನೌಕೆಗಳು ಮುಳುಗಿದವು! ಆಟ ನಡೆಸುತ್ತಿದ್ದ ಅಡ್ಮಿರಲ್ ಉಗಾಕಿ ಒಪ್ಪಲಿಲ್ಲ, ಒಂಬತ್ತನ್ನು ಮೂರಕ್ಕೆ ಇಳಿಸಿದರು. ಆಗಲೂ ಮುಳುಗಿದ ಕಾಗಾ, ಆಟದ ಮುಂದಿನ ಭಾಗದಲ್ಲಿ ಮತ್ತೆ ತೇಲಿಬಂತು. ಮರುತಿಂಗಳು ಎರಡೂ ಹಡಗುಗಳು ನಿಜವಾಗಿ ಮುಳುಗಿದವು.

ಮೋಸಕ್ಕೆ ತಕ್ಕ ಶಾಸ್ತಿ ಎನ್ನಲು ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ಇದು ಜನಪ್ರಿಯವಾದದ್ದು ಜಪಾನಿನ ವೈಮಾನಿಕ ಫುಚಿದಾ ಯುದ್ಧಾನಂತರ ಒಕುಮಿಯಾ ಜೊತೆ ಬರೆದ ಪುಸ್ತಕದಿಂದ. ಅದೇ ಪುಸ್ತಕದ ಬೇರೆ ಕೆಲವು ಮಾತುಗಳನ್ನು ಇತಿಹಾಸಕಾರರಾದ ಪಾರ್ಶಲ್ ಮತ್ತು ಟುಲ್ಲಿ 2005ರಲ್ಲಿ ಅಲ್ಲಗಳೆದಿದ್ದಾರೆ.

ದಾಳದ ಘಟನೆ ನಡೆದದ್ದೇ ಹೌದು ಎಂದುಕೊಳ್ಳೋಣ. ಆಟದಲ್ಲಿ ಆ ಬಾಂಬುಗಳು ಬಿದ್ದದ್ದು ಮಿಡ್ವೇ ದ್ವೀಪದಿಂದ ಹಾರಿದ ವಿಮಾನಗಳಿಂದ. ಜೂನ್ 4ರಂದು ಆ ವಿಮಾನಗಳು ದಾಳಿ ಮಾಡಿದ್ದೂ ನಿಜ, ಆದರೆ ಜಪಾನಿನ ಒಂದು ವಿಮಾನವಾಹಕ ನೌಕೆಗೂ ಒಂದು ಬಾಂಬೂ ತಾಗಲಿಲ್ಲ. ಎಂದರೆ ಉಗಾಕಿ ಕೊಟ್ಟ ಮೂರು ಕೂಡ ಅಮೆರಿಕದ ಪಾಲಿಗೆ ಧಾರಾಳವೇ!

ಹಡಗುಗಳನ್ನು ಸುಟ್ಟದ್ದು ಅಮೆರಿಕದ ವಿಮಾನವಾಹಕ ನೌಕೆಗಳಿಂದ ಬಂದ ವಿಮಾನಗಳು. ಬೆಳಿಗ್ಗೆ ಹತ್ತೂವರೆಯೊಳಗೆ ಮೂರು ಹಡಗು ಹೊತ್ತಿ ಉರಿದವು, ಸಂಜೆಯ ಹೊತ್ತಿಗೆ ನಾಲ್ಕನೆಯ 'ಹಿರ್ಯು'. ದಾಳಿ ಶುರುವಾದ ಮೇಲಷ್ಟೇ ಅಮೆರಿಕದ ನೌಕೆಗಳು ಪರ್ಲ್ ಹಾರ್ಬರ್ ಬಿಟ್ಟು ಬರುತ್ತವೆ ಎಂದು ಜಪಾನ್ ನಂಬಿತ್ತು. ಸಂಕೇತಗಳನ್ನು ಒಡೆದು ಓದಿದ್ದ ಅಮೆರಿಕ ಮೊದಲೇ ಮೂರು ನೌಕೆಗಳನ್ನು ದ್ವೀಪದ ಈಶಾನ್ಯಕ್ಕೆ ತಂದು ನಿಲ್ಲಿಸಿತ್ತು. ಅವನ್ನು ಕಾಣಬೇಕಿದ್ದ ಜಪಾನಿನ ಜಲಾಂತರ್ಗಾಮಿಗಳು ಕಾವಲಿಗೆ ಬಂದದ್ದೇ ತಡವಾಗಿ. ದಾಳ ಏನು ಮಾಡೀತು?

2009ರ 'ವಾರ್ ಇನ್ ದ ಪೆಸಿಫಿಕ್: ಅಡ್ಮಿರಲ್ಸ್ ಎಡಿಷನ್' ಆಟದಲ್ಲಿ ಒಂದೊಂದು ದಿನವನ್ನೂ ಆಡಬೇಕು. ಹೊಸಬರು ವಿಮಾನವಾಹಕಗಳನ್ನೆಲ್ಲ ಕೂಡಿಸಿ ಬೇಟೆಗೆ ಹೊರಡುತ್ತಾರೆ. ಹಳಬರು ಮೊದಲು ತೈಲದ ಹಡಗುಗಳನ್ನು ಎಣಿಸುತ್ತಾರೆ.

ಕಡಲು ಕಾಣದ ನಮ್ಮ ವಿಜಯಪುರಕ್ಕೂ ಈ ಲೆಕ್ಕ ಹೊಸದಲ್ಲ. 1510ರಲ್ಲಿ ಅಲ್ಬುಕರ್ಕ್ ಹಿಡಿದಿದ್ದ ಗೋವೆಯನ್ನು ಆದಿಲ್‌ಶಾಹಿ ಸೇನೆ ಮೇ ತಿಂಗಳಲ್ಲಿ ಮರಳಿ ಪಡೆಯಿತು. ಮಳೆಗಾಲದ ಕಡಲಿಗೆ ಇಳಿಯಲಾಗದೆ ಪೋರ್ಚುಗೀಸ್ ಹಡಗುಗಳು ಆಗಸ್ಟ್‌ವರೆಗೂ ಮಾಂಡವಿ ನದಿಯಲ್ಲೇ ಹಸಿದು ನಿಂತವು. ಮಳೆ ಇಳಿದ ಮೇಲೆ ಪಾರಾಗಿ, ಬಲ ಕೂಡಿಸಿಕೊಂಡು ನವೆಂಬರ್ 25ರಂದು ಮತ್ತೆ ಬಂದವು. ಗೋವೆ ಬಿಜಾಪುರದ ಕೈತಪ್ಪಿತು.