ಲೆಗೊ ಹ್ಯಾರಿ ಪಾಟರ್ ವಿಡಿಯೊ ಗೇಮ್‌ಗಳು

ಜೆ.ಕೆ. ರೋಲಿಂಗ್ ಅವರ ಕಾದಂಬರಿಗಳಿಂದ ಬಂದ ಎಂಟು ಹ್ಯಾರಿ ಪಾಟರ್ ಚಲನಚಿತ್ರಗಳ ಕಥೆಯನ್ನು ಲೆಗೊ ಆಟಿಕೆಯ ಲೋಕದಲ್ಲಿ ಆಡಿಸುವ ಎರಡು ವಿಡಿಯೊ ಗೇಮ್‌ಗಳಿವೆ. ಮೊದಲನೆಯದು 2010ರ ಜೂನ್ ತಿಂಗಳಲ್ಲಿ ಬಂದ ‘ಲೆಗೊ ಹ್ಯಾರಿ ಪಾಟರ್: ಇಯರ್ಸ್ 1–4’. ಎರಡನೆಯದು 2011ರ ನವೆಂಬರ್‌ನಲ್ಲಿ ಬಂದ ‘ಇಯರ್ಸ್ 5–7’. ಇಂಗ್ಲೆಂಡಿನ ಟ್ರಾವೆಲರ್ಸ್ ಟೇಲ್ಸ್ ಸ್ಟುಡಿಯೊ ಇವನ್ನು ರೂಪಿಸಿತು. ವಾರ್ನರ್ ಬ್ರದರ್ಸ್ ಸಂಸ್ಥೆಯ ಗೇಮ್ ವಿಭಾಗ ಪ್ರಕಟಿಸಿತು. ಪಾತ್ರಗಳು ಒಂದು ಮಾತನ್ನೂ ಆಡದೆ ಕಥೆ ಹೇಳುತ್ತವೆ. ಆಡುವವರು ಸೋತರೂ ಆಟ ಮುಗಿಯುವುದಿಲ್ಲ. ಒಂದೇ ಟಿವಿಯ ಮುಂದೆ ಇಬ್ಬರು ಕೂತು ಆಡಬಹುದು. ಈ ಮೂರು ಗುಣಗಳಿಂದಾಗಿ ಓದು ಬಾರದ ಮಗುವೂ ದೊಡ್ಡವರೂ ಸಮಾನವಾಗಿ ಆಡಬಲ್ಲ ಆಟಗಳ ಸಾಲಿನಲ್ಲಿ ಇವು ಮುಖ್ಯ ಸ್ಥಾನ ಪಡೆದಿವೆ.

ಹಿನ್ನೆಲೆ

ಲೆಗೊ ಕಂಪನಿಯನ್ನು 1932ರಲ್ಲಿ ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸೆನ್ ಆರಂಭಿಸಿದರು. ಮೊದಲು ಮರದ ಆಟಿಕೆಗಳನ್ನು ಮಾಡುತ್ತಿದ್ದ ಈ ಕಂಪನಿ ಆಮೇಲೆ ಪ್ಲಾಸ್ಟಿಕ್ಕಿಗೆ ಬಂತು. ಮೇಲೆ ಉಬ್ಬು, ಒಳಗೆ ಕೊಳವೆ ಇದ್ದು ಒಂದಕ್ಕೊಂದು ಬಿಗಿಯಾಗಿ ಕೂರುವ ಇಂದಿನ ಬ್ರಿಕ್ಕಿಗೆ 1958ರ ಜನವರಿಯಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಅಂದಿನ ಬ್ರಿಕ್ ಇಂದಿನ ಬ್ರಿಕ್ಕಿಗೂ ಸರಿಯಾಗಿ ಕೂರುತ್ತದೆ. ಕೈಕಾಲು ಆಡಿಸಬಲ್ಲ, ಹಳದಿ ಮುಖದ ಪುಟ್ಟ ಬೊಂಬೆ ‘ಮಿನಿಫಿಗರ್’ 1978ರಲ್ಲಿ ಬಂತು.

ಬಹುಕಾಲ ತನ್ನದೇ ಕಲ್ಪನೆಯ ಕೋಟೆ, ಪಟ್ಟಣ, ಅಂತರಿಕ್ಷ ನೌಕೆಗಳನ್ನು ಮಾರುತ್ತಿದ್ದ ಲೆಗೊ, 1999ರಲ್ಲಿ ಸ್ಟಾರ್ ವಾರ್ಸ್ ಚಿತ್ರಗಳ ಹಕ್ಕು ಪಡೆದು ಸಿನಿಮಾ ಆಧಾರಿತ ಸೆಟ್‌ಗಳನ್ನು ಹೊರತಂದಿತು. ಕ್ರಿಸ್ ಕೊಲಂಬಸ್ ನಿರ್ದೇಶನದ ಮೊದಲ ಹ್ಯಾರಿ ಪಾಟರ್ ಚಿತ್ರ ತೆರೆಕಂಡ 2001ರಲ್ಲೇ ಹ್ಯಾರಿ ಪಾಟರ್ ಸೆಟ್‌ಗಳೂ ಅಂಗಡಿಗೆ ಬಂದವು. ಆಗಿನ ಹ್ಯಾರಿಯ ಮುಖ ಲೆಗೊ ಸಂಪ್ರದಾಯದಂತೆ ಹಳದಿ. ಕತ್ತಲಲ್ಲಿ ಹೊಳೆಯುವ ತಲೆಯಿದ್ದ, ಹ್ಯಾರಿಯ ಗುರು ಸ್ನೇಪ್‌ನ ಬೊಂಬೆಯೂ ಆ ವರ್ಷದ್ದೇ. 2004ರಿಂದ ಬೊಂಬೆಗಳಿಗೆ ಮನುಷ್ಯರ ಮೈಬಣ್ಣ ಬಂತು. 2007ರ ನಂತರ ಈ ಸೆಟ್‌ಗಳು ಕೆಲಕಾಲ ನಿಂತುಹೋಗಿದ್ದವು. 2010ರಲ್ಲಿ ಅವು ಮರಳಿ ಬಂದಾಗ ಜತೆಗೇ ವಿಡಿಯೊ ಗೇಮ್ ಕೂಡ ಬಂದದ್ದು ಕಂಪನಿಯ ಯೋಜಿತ ಹೆಜ್ಜೆ.

ಕಂಪ್ಯೂಟರ್ ಆಟಗಳಿಗೆ ಲೆಗೊ ಕೈಹಾಕಿದ್ದು 1990ರ ದಶಕದಲ್ಲಿ. 1997ರ ‘ಲೆಗೊ ಐಲ್ಯಾಂಡ್’ ಅವುಗಳಲ್ಲಿ ಹೆಸರಾದದ್ದು. 2001 ಮತ್ತು 2002ರಲ್ಲಿ ‘ಲೆಗೊ ಕ್ರಿಯೇಟರ್’ ಹೆಸರಿನಲ್ಲಿ ಎರಡು ಹ್ಯಾರಿ ಪಾಟರ್ ಆಟಗಳು ಬಂದಿದ್ದವು. ಪರದೆಯ ಮೇಲೆ ಹ್ಯಾರಿ ಓದುವ ಹಾಗ್ವಾರ್ಟ್ಸ್ ಮಂತ್ರಶಾಲೆಯನ್ನು ಕಟ್ಟಿ, ಅದರಲ್ಲಿ ಓಡಾಡಲು ಬಿಡುವುದೇ ಅವುಗಳ ಮುಖ್ಯ ಉದ್ದೇಶವಾಗಿತ್ತು. ಸಿನಿಮಾದ ಕಥೆಯನ್ನೇ ಆಟವಾಗಿಸುವ ದಾರಿ ಆಗಿನ್ನೂ ಸಿಕ್ಕಿರಲಿಲ್ಲ.

ಸ್ಟಾರ್ ವಾರ್ಸ್ ಹಾಕಿಕೊಟ್ಟ ಮಾದರಿ

ಟ್ರಾವೆಲರ್ಸ್ ಟೇಲ್ಸ್ ಸ್ಟುಡಿಯೊವನ್ನು 1989ರಲ್ಲಿ ಜಾನ್ ಬರ್ಟನ್ ಮತ್ತು ಆ್ಯಂಡಿ ಇಂಗ್ರಾಮ್ ಸ್ಥಾಪಿಸಿದರು. ಲೆಗೊ ಕಂಪನಿ 2003–04ರ ಸುಮಾರಿಗೆ ತೀವ್ರ ಆರ್ಥಿಕ ಸಂಕಷ್ಟಕ್ಕೆ ಸಿಲುಕಿ, ಗೇಮ್ ಪ್ರಕಟಣೆಯಿಂದ ಹಿಂದೆ ಸರಿಯಿತು. ಆ ವಿಭಾಗದಲ್ಲಿದ್ದ ಟಾಮ್ ಸ್ಟೋನ್, ಜೊನಾಥನ್ ಸ್ಮಿತ್ ಮತ್ತಿತರರು ಜಯಂಟ್ ಇಂಟರಾಕ್ಟಿವ್ ಎಂಬ ಹೊಸ ಸಂಸ್ಥೆಯ ಮೂಲಕ ಕೆಲಸ ಮುಂದುವರಿಸಿದರು. ಟ್ರಾವೆಲರ್ಸ್ ಟೇಲ್ಸ್ ಜತೆಗೂಡಿ ಅವರು 2005ರಲ್ಲಿ ತಂದ ‘ಲೆಗೊ ಸ್ಟಾರ್ ವಾರ್ಸ್’ ದೊಡ್ಡ ಯಶಸ್ಸು ಕಂಡಿತು. ಅದೇ ವರ್ಷ ಎರಡೂ ಸಂಸ್ಥೆಗಳು ಸೇರಿ ಟಿಟಿ ಗೇಮ್ಸ್ ಆದವು.

ಮುಂದಿನ ಎಲ್ಲ ಲೆಗೊ ಸಿನಿಮಾ ಆಟಗಳ ಬುನಾದಿ ಆ ಆಟದಲ್ಲೇ ಇದೆ. ಕಂಡದ್ದನ್ನು ಒಡೆಯುವುದು, ಉದುರಿದ ‘ಸ್ಟಡ್’ ಎಂಬ ನಾಣ್ಯಗಳನ್ನು ಬಾಚಿಕೊಳ್ಳುವುದು, ಮುಂದಿನ ದಾರಿ ತೆರೆಯುವುದು ಅದರ ಕ್ರಮ. ನೆಲದ ಮೇಲೆ ಕುಣಿಯುತ್ತಿರುವ ಬಿಡಿ ಬ್ರಿಕ್‌ಗಳಿಂದ ಹೊಸದೊಂದು ವಸ್ತು ಕಟ್ಟುವುದು ನಂತರದ ಆಟಗಳಲ್ಲಿ ಸೇರಿತು. ಜೀವದ ನಾಲ್ಕು ಹೃದಯಗಳು ಖಾಲಿಯಾದರೆ ಬೊಂಬೆ ಚೂರುಚೂರಾಗಿ, ಒಂದಿಷ್ಟು ಸ್ಟಡ್ ಚೆಲ್ಲಿ, ಮರುಕ್ಷಣವೇ ಮತ್ತೆ ಎದ್ದು ನಿಲ್ಲುತ್ತದೆ. ‘ಗೇಮ್ ಓವರ್’ ಎಂಬುದೇ ಇಲ್ಲ. ಎರಡನೆಯ ಆಟಗಾರ ಯಾವಾಗ ಬೇಕಾದರೂ ಕಂಟ್ರೋಲರ್ ಹಿಡಿದು ಸೇರಬಹುದು, ಬೇಕೆಂದಾಗ ಎದ್ದು ಹೋಗಬಹುದು.

2007ರ ನವೆಂಬರ್‌ನಲ್ಲಿ ವಾರ್ನರ್ ಬ್ರದರ್ಸ್ ಟಿಟಿ ಗೇಮ್ಸ್ ಸಂಸ್ಥೆಯನ್ನು ಕೊಂಡಿತು. ಹ್ಯಾರಿ ಪಾಟರ್ ಚಿತ್ರಗಳೂ ವಾರ್ನರ್ ಅವರವೇ. ಚಿತ್ರಗಳ ಅಧಿಕೃತ ಗೇಮ್‌ಗಳನ್ನು ಆಗ ಎಲೆಕ್ಟ್ರಾನಿಕ್ ಆರ್ಟ್ಸ್ ತರುತ್ತಿತ್ತಾದರೂ, ಲೆಗೊ ರೂಪದ ಆಟಕ್ಕೆ ದಾರಿ ಸುಗಮವಾಯಿತು. 2008ರಲ್ಲಿ ‘ಲೆಗೊ ಇಂಡಿಯಾನಾ ಜೋನ್ಸ್’ ಮತ್ತು ‘ಲೆಗೊ ಬ್ಯಾಟ್‌ಮ್ಯಾನ್’ ಬಂದವು. 2009ರ ಜೂನ್‌ನಲ್ಲಿ ಲೆಗೊ ಹ್ಯಾರಿ ಪಾಟರ್ ಆಟದ ಘೋಷಣೆಯಾಯಿತು.

ಇಯರ್ಸ್ 1–4

ಮೊದಲ ನಾಲ್ಕು ಚಿತ್ರಗಳ ಕಥೆ ಇಲ್ಲಿ ನಾಲ್ಕು ಶಾಲಾ ವರ್ಷಗಳಾಗಿ ಹರಡಿಕೊಂಡಿದೆ. ವರ್ಷಕ್ಕೆ ಆರು ಅಧ್ಯಾಯ, ಒಟ್ಟು 24. ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360, ವೀ ಮತ್ತು ಕಂಪ್ಯೂಟರಿಗೆ ಬಂದ ಆವೃತ್ತಿಗಳಲ್ಲಿ ಆಟ ಒಂದೇ. ನಿಂಟೆಂಡೊ ಡಿಎಸ್‌ನಂಥ ಕೈಯಲ್ಲಿ ಹಿಡಿಯುವ ಯಂತ್ರಗಳಿಗೆ ಪ್ರತ್ಯೇಕ ಆವೃತ್ತಿಗಳಿದ್ದವು. ಅದೇ ವರ್ಷದ ಕೊನೆಗೆ ಐಫೋನ್ ಆವೃತ್ತಿಯೂ, 2011ರಲ್ಲಿ ಮ್ಯಾಕ್ ಆವೃತ್ತಿಯೂ ಬಂದವು.

ಹಿಂದಿನ ಲೆಗೊ ಆಟಗಳಲ್ಲಿ ಅಧ್ಯಾಯಗಳ ನಡುವೆ ಬಂದು ಸೇರುವ ಒಂದು ಚಿಕ್ಕ ತಾಣ ಇರುತ್ತಿತ್ತು. ಅಲ್ಲಿಂದ ಬೇಕಾದ ಬಾಗಿಲು ಹೊಕ್ಕು ಕಥೆಗೆ ಹೋಗಬೇಕಿತ್ತು. ಇಲ್ಲಿ ಆ ತಾಣವೇ ಇಡೀ ಹಾಗ್ವಾರ್ಟ್ಸ್ ಕೋಟೆಯಾಯಿತು. ಇದು ಈ ಆಟದ ಬಹು ದೊಡ್ಡ ಹೆಜ್ಜೆ. ಆಟಗಾರ ಕಾರಿಡಾರ್ ದಾಟಿ, ಮೆಟ್ಟಿಲು ಹತ್ತಿ, ತರಗತಿಗೆ ಹೋಗಿ ಮಂತ್ರ ಕಲಿತು ಬರಬೇಕು. ಹೊಸ ಮಂತ್ರ ಕೈಗೆ ಬಂದಂತೆಲ್ಲ ಮುಚ್ಚಿದ್ದ ಕೋಣೆಗಳು ಒಂದೊಂದಾಗಿ ತೆರೆಯುತ್ತವೆ. ವಿದ್ಯಾರ್ಥಿ ವರ್ಷದಿಂದ ವರ್ಷಕ್ಕೆ ಶಾಲೆಯನ್ನು ತನ್ನದಾಗಿಸಿಕೊಳ್ಳುವ ಅನುಭವ ಸಿನಿಮಾಕ್ಕಿಂತ ಇಲ್ಲಿ ನೇರವಾಗಿ ಸಿಗುತ್ತದೆ. ದಾರಿ ತಪ್ಪದಿರಲೆಂದು ನಿಯರ್ಲಿ ಹೆಡ್‌ಲೆಸ್ ನಿಕ್ ಎಂಬ ಶಾಲೆಯ ಭೂತ, ಪಾರದರ್ಶಕ ಸ್ಟಡ್‌ಗಳ ಸಾಲು ಬಿಡುತ್ತಾ ಮುಂದೆ ಮುಂದೆ ತೇಲುತ್ತದೆ.

ಡಯಾಗನ್ ಆ್ಯಲಿ ಈ ಲೋಕದ ಪೇಟೆಬೀದಿ. ಕೂಡಿಟ್ಟ ಸ್ಟಡ್ ಕೊಟ್ಟು ಹೊಸ ಪಾತ್ರಗಳನ್ನೂ ತಮಾಷೆಯ ಮಂತ್ರಗಳನ್ನೂ ಇಲ್ಲಿ ಕೊಳ್ಳಬಹುದು. ಮ್ಯಾಡಮ್ ಮಾಲ್ಕಿನ್ ಅವರ ಬಟ್ಟೆ ಅಂಗಡಿಯಲ್ಲಿ ತಲೆ, ಮುಂಡ, ಕಾಲು ಬದಲಿಸಿ ತಮ್ಮದೇ ಬೊಂಬೆ ರೂಪಿಸಬಹುದು. ಗ್ರಿಂಗಾಟ್ಸ್ ಬ್ಯಾಂಕಿನೊಳಗೆ ಆಟಗಾರರೇ ಹೊಸ ಅಂಕಣಗಳನ್ನು ಕಟ್ಟುವ ಸೌಲಭ್ಯವೂ ಇತ್ತು. ಸಂಗೀತದಲ್ಲಿ ಚಿತ್ರಗಳಿಗೆ ಜಾನ್ ವಿಲಿಯಮ್ಸ್ ಕಟ್ಟಿದ ರಾಗಗಳು ಕೇಳಿಬರುತ್ತವೆ.

ಆಡುವ ಬಗೆ

ಆಟದ ಜೀವಾಳ ‘ವಿಂಗಾರ್ಡಿಯಮ್ ಲೆವಿಯೋಸಾ’ ಮಂತ್ರ. ಚಿತ್ರದಲ್ಲಿ ಗರಿಯೊಂದನ್ನು ಗಾಳಿಯಲ್ಲಿ ತೇಲಿಸುವ ಈ ಮಂತ್ರ ಆಟದಲ್ಲಿ ಬ್ರಿಕ್ ಕಟ್ಟುವ ಕೈಯೇ ಆಗಿಬಿಟ್ಟಿದೆ. ಹಿಂದಿನ ಆಟಗಳಲ್ಲಿ ಬೊಂಬೆ ನೆಲಕ್ಕೆ ಬಗ್ಗಿ ಬ್ರಿಕ್ ಜೋಡಿಸುತ್ತಿತ್ತು. ಇಲ್ಲಿ ದಂಡ ಎತ್ತಿ ಗುಂಡಿ ಒತ್ತಿ ಹಿಡಿದರೆ ಚದುರಿದ ಚೂರುಗಳು ಒಂದೊಂದಾಗಿ ಮೇಲೆದ್ದು ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಕೆಲವು ಕಡೆ ಈ ಕೆಲಸ ತಾನಾಗಿ ಆಗುವುದಿಲ್ಲ. ತೇಲುತ್ತಿರುವ ಬ್ರಿಕ್ಕನ್ನು ಆಟಗಾರನೇ ಸರಿಸಿ, ಒಂದರ ಮೇಲೊಂದು ಇಟ್ಟು, ಎತ್ತರದ ಕಟ್ಟೆಗೆ ಮೆಟ್ಟಿಲು ಮಾಡಿಕೊಳ್ಳಬೇಕು. ಮಂತ್ರವಿದ್ಯೆಯ ಕಥೆಗೂ ಕಟ್ಟುವ ಆಟಿಕೆಗೂ ಇಷ್ಟು ಸಹಜವಾಗಿ ನಂಟು ಕೂಡಿದ್ದು ಈ ಸರಣಿಯ ವಿಶೇಷ.

ಕಷಾಯದ ಕೊಪ್ಪರಿಗೆಗಳದ್ದು ಇನ್ನೊಂದು ಬಗೆಯ ಒಗಟು. ಕೊಪ್ಪರಿಗೆಯ ಹತ್ತಿರ ಹೋದರೆ ಬೇಕಾದ ಮೂರು ಪದಾರ್ಥಗಳ ಚಿತ್ರ ಕಾಣುತ್ತದೆ. ಅವು ಅದೇ ಕೋಣೆಯಲ್ಲಿ ಅಡಗಿರುತ್ತವೆ. ಎತ್ತರದ ಕಪಾಟಿನಲ್ಲಿರುವುದನ್ನು ಮಂತ್ರದಿಂದ ಇಳಿಸಬೇಕು, ಮುಚ್ಚಿದ್ದರೊಳಗೆ ಇರುವುದನ್ನು ಒಡೆದು ತೆಗೆಯಬೇಕು. ಮೂರೂ ಬಿದ್ದಾಗ ಕಷಾಯ ಸಿದ್ಧ. ಪಾಲಿಜ್ಯೂಸ್ ಕುಡಿದರೆ ಬೇರೊಬ್ಬರ ರೂಪ ಬರುತ್ತದೆ. ಶಕ್ತಿಯ ಕಷಾಯ ಕುಡಿದರೆ ಭಾರವಾದ ಹಿಡಿಕೆಗಳನ್ನು ಎಳೆಯಬಹುದು. ಓದಬೇಕಾದದ್ದು ಏನೂ ಇಲ್ಲ, ಚಿತ್ರ ನೋಡಿ ಹುಡುಕಿದರೆ ಸಾಕು.

ಪಾತ್ರಗಳ ಸಾಮರ್ಥ್ಯ ಬೇರೆಬೇರೆ. ಹ್ಯಾರಿಗೆ ಅದೃಶ್ಯಗೊಳಿಸುವ ನಿಲುವಂಗಿಯಿದೆ, ಹಾವಿನ ಭಾಷೆ ಬರುತ್ತದೆ. ಅವನ ಗೆಳೆಯ ರಾನ್‌ನ ಇಲಿ ಸ್ಕ್ಯಾಬರ್ಸ್ ಕಿರಿದಾದ ಕೊಳವೆಯೊಳಗೆ ನುಸುಳುತ್ತದೆ. ಕೆಂಪು ಕಪ್ಪು ಮಿಂಚುವ ವಸ್ತುಗಳು ದುಷ್ಟಮಂತ್ರ ಬಲ್ಲ ಪಾತ್ರಗಳಿಗೆ ಮಾತ್ರ ಮಣಿಯುತ್ತವೆ. ಹೀಗಾಗಿ ಮೊದಲ ಸಲ ಕಥೆ ಮುಗಿಸಿದಾಗ ಅಧ್ಯಾಯದ ಎಷ್ಟೋ ಮೂಲೆಗಳು ಹಾಗೇ ಉಳಿದಿರುತ್ತವೆ. ‘ಫ್ರೀ ಪ್ಲೇ’ ಬಗೆಯಲ್ಲಿ ಬೇರೆ ಪಾತ್ರಗಳೊಡನೆ ಮರಳಿ ಹೋಗಿ ಅವನ್ನು ತೆರೆಯಬೇಕು. ಬಂಗಾರದ ಬ್ರಿಕ್, ಕೆಂಪು ಬ್ರಿಕ್, ಶಾಲೆಯ ನಾಲ್ಕು ಹೌಸ್‌ಗಳ ಲಾಂಛನದ ತುಣುಕು, ಅಪಾಯದಲ್ಲಿ ಸಿಲುಕಿದ ವಿದ್ಯಾರ್ಥಿ, ಹೀಗೆ ಹುಡುಕಲು ಬೇಕಾದಷ್ಟಿದೆ. ಸ್ಟಡ್‌ಗಳಿಗೂ ಬಣ್ಣದ ಮೇಲೆ ಬೆಲೆ: ಬೆಳ್ಳಿಗೆ 10, ಬಂಗಾರಕ್ಕೆ 100, ನೀಲಿಗೆ 1,000, ನೇರಳೆಗೆ 10,000.

ಇಬ್ಬರು ಆಡುವಾಗ ಪರದೆಯ ವರ್ತನೆಯೂ ಗಮನಿಸಬೇಕಾದದ್ದು. ಇಬ್ಬರೂ ಹತ್ತಿರವಿದ್ದಾಗ ಪರದೆ ಒಂದೇ. ದೂರ ಸರಿದೊಡನೆ ನಡುವೆ ಗೆರೆಯೊಂದು ಮೂಡಿ ಪರದೆ ಎರಡಾಗುತ್ತದೆ. ಯಾರು ಯಾವ ದಿಕ್ಕಿಗೆ ಹೋದರೆಂಬುದನ್ನು ನೋಡಿ ಆ ಗೆರೆ ಓರೆಯಾಗಿ ತಿರುಗುತ್ತದೆ. ಮತ್ತೆ ಹತ್ತಿರ ಬಂದರೆ ಮಾಯವಾಗುತ್ತದೆ. 2009ರ ‘ಲೆಗೊ ಇಂಡಿಯಾನಾ ಜೋನ್ಸ್ 2’ರಲ್ಲಿ ಮೊದಲು ಬಂದ ಈ ತಂತ್ರ, ಹಾಗ್ವಾರ್ಟ್ಸ್‌ನಷ್ಟು ದೊಡ್ಡ ಜಾಗದಲ್ಲಿ ನಿಜವಾಗಿ ಉಪಯೋಗಕ್ಕೆ ಬಂತು. ಅದಕ್ಕೂ ಹಿಂದಿನ ಆಟಗಳಲ್ಲಿ ಒಬ್ಬ ಮುಂದೆ ಓಡಿದರೆ ಇನ್ನೊಬ್ಬ ಪರದೆಯ ಅಂಚಿಗೆ ಸಿಕ್ಕಿ ಜಗಳವಾಗುತ್ತಿತ್ತು. ಇಂಟರ್ನೆಟ್ ಮೂಲಕ ಜತೆಯಾಗಿ ಆಡುವ ವ್ಯವಸ್ಥೆ ಇಲ್ಲಿರಲಿಲ್ಲ; ಜತೆಗಾರ ಪಕ್ಕದಲ್ಲೇ ಕೂತಿರಬೇಕಿತ್ತು.

ಮಾತಿಲ್ಲದ ಕಥನ

ಈ ಎರಡೂ ಆಟಗಳಲ್ಲಿ ಸಂಭಾಷಣೆ ಇಲ್ಲ. ಪಾತ್ರಗಳು ಗೊಣಗುತ್ತವೆ, ನಿಟ್ಟುಸಿರು ಬಿಡುತ್ತವೆ, ಕಿರುಚುತ್ತವೆ, ನಗುತ್ತವೆ. ಉಳಿದದ್ದೆಲ್ಲ ಮೂಕಾಭಿನಯ. ಹತ್ತಾರು ಪುಟಗಳ ವಿವರಣೆ ಇರುವ ಪ್ರಸಂಗವೂ ಒಂದೆರಡು ನಿಮಿಷದ ಹಾವಭಾವಕ್ಕೆ ಇಳಿಯಬೇಕು. ಪ್ಲಾಸ್ಟಿಕ್ ಬೊಂಬೆಗೆ ಮೊಣಕೈಯೂ ಇಲ್ಲ, ಬೆರಳೂ ಇಲ್ಲ. ಮುಖದ ಮೇಲಿನ ಹುಬ್ಬು, ಕಣ್ಣು, ಬಾಯಿ, ಇಡೀ ಮೈಯ ಬಾಗು ಬಳುಕಿನಿಂದಲೇ ಭಯ, ಅಸೂಯೆ, ಗರ್ವ ತೋರಿಸಬೇಕು. ಆ್ಯನಿಮೇಷನ್ ತಂಡ ಇದನ್ನು ಸಾಧಿಸಿದ ಬಗೆ ಮೆಚ್ಚತಕ್ಕದ್ದು.

ಈ ಕ್ರಮಕ್ಕೆ ಎರಡು ಫಲ. ಮೊದಲನೆಯದು, ಯಾವ ಭಾಷೆಯ ಮಗುವಿಗೂ ಡಬ್ಬಿಂಗ್ ಇಲ್ಲದೆ, ಅಡಿಬರಹ ಇಲ್ಲದೆ ಕಥೆ ತಲುಪುತ್ತದೆ. ಎರಡನೆಯದು, ಕತ್ತಲೆಯ ಪ್ರಸಂಗಗಳು ಹಗುರಾಗುತ್ತವೆ. ಸರಣಿ ಮುಂದುವರಿದಂತೆ ಕಥೆಯಲ್ಲಿ ಸಾವುಗಳು ಹೆಚ್ಚುತ್ತವೆ. ಒಡೆದ ಬೊಂಬೆಯನ್ನು ಮತ್ತೆ ಜೋಡಿಸಬಹುದಾದ ಲೋಕದಲ್ಲಿ ಅವು ಚಿಕ್ಕ ಮಕ್ಕಳನ್ನು ಬೆಚ್ಚಿಬೀಳಿಸುವುದಿಲ್ಲ. ಆದರೆ ಚಿತ್ರವನ್ನಾಗಲಿ ಪುಸ್ತಕವನ್ನಾಗಲಿ ಅರಿಯದವರಿಗೆ ಕೆಲವು ದೃಶ್ಯಗಳು ಒಗಟಾಗಿ ಉಳಿಯುವುದೂ ನಿಜ. ಯಾರು ಯಾರ ವೈರಿ, ಏಕೆ ಎಂಬುದನ್ನು ಅಭಿನಯವೊಂದೇ ಯಾವಾಗಲೂ ಹೇಳಲಾರದು. ಗೊತ್ತಿರುವ ಕಥೆಯನ್ನು ಮತ್ತೆ ಕಾಣುವ ಸಂತೋಷವೇ ಈ ಆಟಗಳ ನೆಲೆ.

ಇಯರ್ಸ್ 5–7

ಕೊನೆಯ ಚಿತ್ರ 2011ರ ಜುಲೈನಲ್ಲಿ ತೆರೆಕಂಡಿತು. ನಾಲ್ಕು ತಿಂಗಳಲ್ಲಿ ಎರಡನೆಯ ಆಟ ಬಂತು. ಡೇವಿಡ್ ಯೇಟ್ಸ್ ನಿರ್ದೇಶಿಸಿದ ನಾಲ್ಕು ಚಿತ್ರಗಳು ಇದರ ವಸ್ತು. ಕೊನೆಯ ಪುಸ್ತಕ ಎರಡು ಚಿತ್ರಗಳಾಗಿ ಬಂದಿದ್ದರಿಂದ ಇಲ್ಲೂ 24 ಅಧ್ಯಾಯಗಳಾದವು. ಹಾಗ್ವಾರ್ಟ್ಸ್ ಮತ್ತು ಡಯಾಗನ್ ಆ್ಯಲಿಯ ಜತೆಗೆ ಲಂಡನ್ ನಗರದ ಭಾಗಗಳೂ ಸೇರಿಕೊಂಡವು. ನೀರು ಚಿಮ್ಮಿಸುವ ‘ಅಗ್ವಾಮೆಂಟಿ’, ಕತ್ತರಿಸುವ ‘ಡಿಫಿಂಡೊ’ ಮಂತ್ರಗಳು ಹೊಸವು. ರಾನ್‌ನ ಅಣ್ಣಂದಿರಾದ ವೀಸ್ಲಿ ಅವಳಿಗಳ ತಮಾಷೆ ಸಾಮಾನಿನ ಪೆಟ್ಟಿಗೆಗಳನ್ನು ವೀಸ್ಲಿ ಮನೆತನದ ಪಾತ್ರಗಳು ಮಾತ್ರ ತೆರೆಯಬಲ್ಲವು. ಇಬ್ಬರು ಮಾಂತ್ರಿಕರು ಎದುರುಬದುರು ನಿಂತು ಮಂತ್ರ ಎಸೆಯುವ ದ್ವಂದ್ವಯುದ್ಧವೂ ಇದರಲ್ಲಿ ಸೇರಿತು. ಬ್ರಿಕ್ ಕಟ್ಟುವ ಸಂತೋಷಕ್ಕೆ ಹೋಲಿಸಿದರೆ ಈ ದ್ವಂದ್ವಗಳು ಸಪ್ಪೆ. ಹೀಗಿದ್ದರೂ ಕಥೆ ಪೂರ್ತಿಯಾಗಿ ಒಂದೇ ಶೈಲಿಯಲ್ಲಿ ಮುಗಿದದ್ದು ಈ ಆಟದ ಹೆಚ್ಚುಗಾರಿಕೆ.

ಮಾತು ಬಂದ ಮೇಲೆ

2012ರ ಜೂನ್‌ನಲ್ಲಿ ಬಂದ ‘ಲೆಗೊ ಬ್ಯಾಟ್‌ಮ್ಯಾನ್ 2’ರಲ್ಲಿ ಬೊಂಬೆಗಳು ಮಾತಾಡತೊಡಗಿದವು. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ‘ಲೆಗೊ ದಿ ಲಾರ್ಡ್ ಆಫ್ ದಿ ರಿಂಗ್ಸ್’ ಪೀಟರ್ ಜಾಕ್ಸನ್ ಅವರ ಮೂರು ಚಿತ್ರಗಳ ಸಂಭಾಷಣೆಯ ಧ್ವನಿಯನ್ನೇ ಎತ್ತಿಕೊಂಡು ಬೊಂಬೆಗಳ ಬಾಯಿಗೆ ಹಾಕಿತು. ಹ್ಯಾರಿ ಪಾಟರ್ ಆಟದಲ್ಲಿ ಕೋಟೆಯೊಂದು ತೆರೆದ ಲೋಕವಾಗಿದ್ದರೆ, ಇಲ್ಲಿ ಶೈರ್ ಎಂಬ ಸೀಮೆಯಿಂದ ಮೌಂಟ್ ಡೂಮ್ ಬೆಟ್ಟದವರೆಗೆ ನಡೆದು ಹೋಗಬಹುದಾದ ನಾಡೇ ತೆರೆದುಕೊಂಡಿತು. 2014ರ ‘ಲೆಗೊ ದಿ ಹಾಬಿಟ್’ ಹಾಬಿಟ್ ಚಿತ್ರಸರಣಿಯ ಮೊದಲ ಎರಡು ಚಿತ್ರಗಳನ್ನಷ್ಟೇ ಒಳಗೊಂಡಿತು. ಮೂರನೆಯ ಚಿತ್ರದ ಭಾಗ ಬರಲೇ ಇಲ್ಲ, ಕಥೆ ಅರ್ಧಕ್ಕೇ ನಿಂತಿತು. 2015ರ ‘ಲೆಗೊ ಡೈಮೆನ್ಷನ್ಸ್’ ನಿಜವಾದ ಬೊಂಬೆಗಳನ್ನು ಪೀಠವೊಂದರ ಮೇಲೆ ಇಟ್ಟು ಆಡುವ ಆಟ. ‘ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯ ಮಾಂತ್ರಿಕ ಗ್ಯಾಂಡಾಲ್ಫ್ ಅದರ ಮೊದಲ ಪೆಟ್ಟಿಗೆಯಲ್ಲೇ ಇದ್ದ, ಹ್ಯಾರಿ ಆಮೇಲೆ ಬಂದ.

ಮರುಬಿಡುಗಡೆ ಮತ್ತು ಪ್ರಭಾವ

ಎರಡೂ ಆಟಗಳನ್ನು ಒಟ್ಟುಗೂಡಿಸಿ, ಚಿತ್ರದ ಸ್ಪಷ್ಟತೆ ಹೆಚ್ಚಿಸಿದ ‘ಲೆಗೊ ಹ್ಯಾರಿ ಪಾಟರ್ ಕಲೆಕ್ಷನ್’ 2016ರ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೂ, 2018ರ ಅಕ್ಟೋಬರ್‌ನಲ್ಲಿ ಎಕ್ಸ್‌ಬಾಕ್ಸ್ ಒನ್ ಮತ್ತು ನಿಂಟೆಂಡೊ ಸ್ವಿಚ್‌ಗೂ ಬಂತು. 2018ರಲ್ಲಿಯೇ ಲೆಗೊ ಕಂಪನಿ 6,020 ಬಿಡಿಭಾಗಗಳ ಹಾಗ್ವಾರ್ಟ್ಸ್ ಕೋಟೆಯ ಸೆಟ್ಟನ್ನು ಮಾರುಕಟ್ಟೆಗೆ ತಂದಿತ್ತು.

ಮೂಕ ಶೈಲಿಯ ಮೇಲಿನ ಪ್ರೀತಿ ಆಟಗಾರರಲ್ಲಿ ಉಳಿದುಕೊಂಡಿತು. 2022ರ ಏಪ್ರಿಲ್‌ನಲ್ಲಿ ಟಿಟಿ ಗೇಮ್ಸ್ ತಂದ ‘ಲೆಗೊ ಸ್ಟಾರ್ ವಾರ್ಸ್: ದಿ ಸ್ಕೈವಾಕರ್ ಸಾಗಾ’ದಲ್ಲಿ ಎಲ್ಲ ಪಾತ್ರಗಳೂ ಮಾತಾಡುತ್ತವೆ. ಆದರೂ ಮಾತನ್ನು ತೆಗೆದು ಹಳೆಯ ಗೊಣಗಾಟಕ್ಕೆ ಮರಳುವ ಆಯ್ಕೆಯನ್ನು ಅದರಲ್ಲಿ ಇಟ್ಟಿದ್ದಾರೆ. ಸಿನಿಮಾ ಆಧಾರಿತ ಆಟಗಳು ಬಹುಪಾಲು ಚಿತ್ರದ ಬಿಡುಗಡೆಯ ಜತೆ ಬಂದು, ಅದರ ಗದ್ದಲ ಅಡಗಿದೊಡನೆ ಮರೆಯಾಗುತ್ತವೆ. ಲೆಗೊ ಹ್ಯಾರಿ ಪಾಟರ್ ಆಟಗಳು ಮುಂದಿನ ಪೀಳಿಗೆಯ ಯಂತ್ರಗಳಿಗೂ ದಾಟಿ ಬಂದವು. ಚಿತ್ರದ ದೃಶ್ಯಗಳನ್ನು ಅನುಕರಿಸಿ ತೃಪ್ತಿಪಡದೆ, ಆ ದೃಶ್ಯಗಳನ್ನು ಆಡುವವರ ಕೈಗೆ ಬಿಡಿ ಬ್ರಿಕ್‌ಗಳಾಗಿ ಕೊಟ್ಟು ಇಬ್ಬರು ಸೇರಿ ಮತ್ತೆ ಕಟ್ಟುವಂತೆ ಮಾಡಿದ್ದೇ ಈ ಬಾಳಿಕೆಗೆ ಕಾರಣ.